ಹಲ್ಲಿನ ಸೆಟ್ಟಿನ ವಿದೇಶ ಪ್ರವಾಸ

ಲಿಫ್ಟ್ ಮೆಕ್ಯಾನಿಕ್ ಒಬ್ಬನ ಪಕ್ಕದ ಮನೆ ಅಕ್ಕನ ತಂದೆ ವಿದೇಶದಲ್ಲಿದ್ದ ಮಗನ ಮನೆಗೆ ಹೋಗುವಾಗ ತಮ್ಮ ಹಲ್ಲಿನ ಸೆಟ್ಟನ್ನು ಬಚ್ಚಲಲ್ಲೇ ಮರೆತು ಹೋಗಿದ್ದರು. ಅದೇ ದೇಶಕ್ಕೆ ಆ ಮೆಕ್ಯಾನಿಕ್ ತನ್ನ ಕೆಲಸದ ತರಬೇತಿಗೆಂದು ಹೊರಟಾಗ ಅಕ್ಕ ಅವನ ಕೈಗೆ ಹಲ್ಲಿನ ಡಬ್ಬಿಯನ್ನೂ ವಿಳಾಸವನ್ನೂ ತುರುಕಿದಳು.

“ಒಂದೇ ದೇಶ ತಾನೇ? ಸಂಜೆ ವಾಕಿಂಗ್ ಹೋದಾಗ ಕೊಟ್ಟುಬಿಡು. ಅವರಿಗ್ಯಾರಿಗೂ ಹೇಳಿಲ್ಲ. ದಿಢೀರಂತ ನೋಡಿ ಖುಷಿಪಡ್ಲಿ.”

ತರಬೇತಿಯಲ್ಲಿ ಉಸಿರಾಡಲೂ ಪುರುಸೊತ್ತು ಸಿಗಲಿಲ್ಲ. ನೋಡನೋಡುತ್ತ ಊರಿಗೆ ಮರಳುವ ದಿನವೇ ಬಂತು. ವಿಮಾನವಿದ್ದದ್ದು ರಾತ್ರಿ. ಬೆಳಿಗ್ಗೆ ನಕ್ಷೆ ಬಿಡಿಸಿ ನೋಡಿದ. ಹೋಟೆಲಿಗೂ ಅಕ್ಕನ ತಮ್ಮನಿದ್ದ ಊರಿಗೂ ನಡುವೆ ಹೆಬ್ಬೆರಳ ಉಗುರಿನಷ್ಟೇ ಜಾಗ.

“ಊಟದ ಹೊತ್ತಿಗೆ ಬಂದ್ಬಿಡ್ತೀನಿ” ಎಂದು ಜೊತೆಗಾರರಿಗೆ ಹೇಳಿ ರೈಲು ಹತ್ತಿದ.

ಉಗುರು ಮುಗಿಯಲೇ ಇಲ್ಲ. ಹೊಲ ಬಂತು, ಕಾಡು ಬಂತು, ಸುರಂಗ ಬಂತು, ಊಟದ ಹೊತ್ತೂ ಬಂದು ಹೋಯಿತು. ಎದುರು ಕೂತವನನ್ನು ಕೇಳಿದರೆ “ಇಲ್ಲೇ ಹತ್ತಿರ” ಎಂದು ದಿಂಬು ತೆಗೆದು ಮಲಗಿಬಿಟ್ಟ. ಮೆಕ್ಯಾನಿಕ್‌ನ ಎದೆ ಹಗ್ಗ ಕಿತ್ತ ಲಿಫ್ಟಿನಂತೆ ಕೆಳಗಿಳಿಯಿತು.

ಅಂತೂ ಇಳಿದಾಗ ಬಿಸಿಲು ವಾಲಿತ್ತು. ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆಂದು ನಂಬಿದ್ದ. ಕೇಳಲು ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಲೆದಲೆದು ಮನೆ ಹಿಡಿದು ಗಂಟೆ ಒತ್ತಿದ. ಉತ್ತರವಿಲ್ಲ. ಊರಲ್ಲಿ ಮಾಡುವ ಹಾಗೆ ಕಿಟಕಿಗೆ ಮುಖವೊತ್ತಿ, “ಸಾರ್! ಯಾರಿದೀರಾ ಸಾರ್!” ಎಂದು ಕೂಗಿದ.

ಪಕ್ಕದ ಬೇಲಿಯ ಹಿಂದಿನಿಂದ, ಗಿಡ ಸವರುವ ಕತ್ತರಿ ಹಿಡಿದ ಹೆಂಗಸೊಬ್ಬಳು ಎದ್ದು ನಿಂತಳು. ಇವನು ಗಾಬರಿಯಲ್ಲಿ ಮಾತು ಮರೆತು ಡಬ್ಬಿಯನ್ನೇ ತೆರೆದು ತೋರಿಸಿದ. ಹಲ್ಲುಗಳು ಅವಳತ್ತ ಕಿಸಿದವು. ಅವಳು ಕಿರುಚಿದ್ದಕ್ಕೆ ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಅಷ್ಟು ಜನ ಅದುವರೆಗೆ ಎಲ್ಲಿ ಅಡಗಿದ್ದರೋ!

ಪೊಲೀಸ್ ಬಂದ. ಡಬ್ಬಿ ನೋಡಿದ, ಇವನ ಬಾಯಿ ನೋಡಿದ.

“ಯಾರ ಹಲ್ಲು?”

“ಅಕ್ಕನ ಅಪ್ಪಂದು ಸಾರ್.”

“ಅಂದ್ರೆ ನಿನ್ನ ಅಪ್ಪಂದು.”

“ಅಲ್ಲ ಸಾರ್, ನಮ್ಮಪ್ಪ ಬೇರೆ!”

ಪೊಲೀಸ್ ಬೇಡಿ ತೆಗೆದ. ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ಇಳಿದವನು ಅಕ್ಕನ ತಮ್ಮ. ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಕೇಳಿ, ಪೊಲೀಸನಿಗೆ ಸಮಾಧಾನ ಹೇಳಿ ಕಳಿಸಿದ. ಮೆಕ್ಯಾನಿಕ್ ಡಬ್ಬಿಯನ್ನು ಅವನ ಎದೆಗೊತ್ತಿದ.

“ತಗೊಳ್ಳಿ ಮಾರಾಯ್ರೇ! ನಾನು ಓಡ್ಬೇಕು, ರಾತ್ರಿ ವಿಮಾನ!”

“ಇನ್ನೆಲ್ಲಿ ಓಡ್ತೀರಿ? ಆ ವಿಮಾನ ಹಿಡಿಯೋಕಿದ್ದ ಕೊನೇ ರೈಲು ಈಗ ಹೋಯ್ತು. ಅಪ್ಪನ್ನ ಅದ್ರಲ್ಲೇ ಹತ್ತಿಸಿ ಬಂದೆ.”

“ಅಪ್ಪನ್ನಾ? ಎಲ್ಲಿಗೆ?”

“ಊರಿಗೆ. ಹಲ್ಲಿಲ್ದೆ ಇಲ್ಲಿ ಇರೋಕಾಗಲ್ಲ ಅಂತ ಒಂದೇ ಹಠ. ನೀವು ಹೇಳ್ತಿರೋ ವಿಮಾನದಲ್ಲೇ ಸೀಟು ಸಿಕ್ತು.”

ಮೆಕ್ಯಾನಿಕ್ ಮೆಟ್ಟಿಲ ಮೇಲೆ ಕುಸಿದು ಕೂತ. ಅಕ್ಕನ ತಮ್ಮ ಮರುಕದಿಂದ ಪಕ್ಕದಲ್ಲೇ ಕೂತು, ಡಬ್ಬಿಯನ್ನು ಜೋಪಾನವಾಗಿ ಅವನ ಮಡಿಲಿಗಿಟ್ಟ.

“ಹೇಗೂ ನೀವು ಊರಿಗೆ ಹೋಗೋರಲ್ವಾ? ಅಪ್ಪಂಗೆ ತಲುಪಿಸಿಬಿಡಿ.”