ನೀರುಗಂಟಿಯ ಹೆಂಡತಿಯ ಥೈರಾಯ್ಡು

ಚೆಲುವಯ್ಯ: ಕಾಯ್ಲೆ ಅಲ್ಲ ಡಾಕ್ಟ್ರಮ್ಮೋರೆ, ಸೋಮಾರಿತನ. ಅಷ್ಟು ಬರ್ಕೊಟ್‌ಬುಡಿ. ಇವತ್ತೇ ಇವ್ಳ್ನ ಕವಲಂದೇಲಿರೋ ತವರಿಗೆ ಬುಟ್ಟು ಬತ್ತೀನಿ.

ಸಣ್ಣತಾಯಮ್ಮ: ಬ್ಯಾಡ ಅಂದೋರ್ಯಾರು? ಬಸ್ಸಲ್ಲಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ಬೋದು.

ಎರಡು ಸಾವಿರದ ಮೂರನೇ ಇಸವಿಯ ಸೆಪ್ಟೆಂಬರ್. ತಿ. ನರಸೀಪುರದ ಆ ಪುಟ್ಟ ಕ್ಲಿನಿಕ್ಕಿನಲ್ಲಿ ಫ್ಯಾನು ತಿರುಗುತ್ತಿದ್ದರೂ ಎಲ್ಲರಿಗೂ ಬೆವರು. ಸಣ್ಣತಾಯಮ್ಮ ಮಾತ್ರ ಗಂಡನ ಸ್ವೆಟರ್ ತೊಟ್ಟು, ಮೇಲೆ ಸೆರಗು ಹೊದ್ದು ನಡುಗುತ್ತ ಕುಳಿತಿದ್ದಳು. ಬಾಯಲ್ಲಿ ತಮಾಷೆ ಮಾಡಿದರೂ ಒಳಗೆ ಭಯವೇ. ತಾನು ನಿಜವಾಗಿಯೂ ಮೈಗಳ್ಳಿಯೇ ಇರಬಹುದೇನೋ ಎಂಬ ಅನುಮಾನ ಅವಳನ್ನು ತಿಂಗಳುಗಳಿಂದ ತಿನ್ನುತ್ತಿತ್ತು. ಗಂಡ ಬನ್ನೂರು ಕಡೆಯ ನಾಲೆಗೆ ನೀರುಗಂಟಿ. ತೂಬು ತೆಗೆದು ಮುಚ್ಚುವುದು ಅವನ ಸರ್ಕಾರಿ ಕೆಲಸ, ಹೆಂಡತಿಯನ್ನು ಬೈಯುವುದು ಸ್ವಂತ ಕೆಲಸ.

ಡಾಕ್ಟರ್ ವನಿತಾ: ಹೋದ ವರ್ಷ ಥೈರಾಯ್ಡ್ ಮಾತ್ರೆ ಕೊಟ್ಟಿದ್ದೆನಲ್ಲ, ನುಂಗ್ತಿದ್ದೀರಾ?

ಚೆಲುವಯ್ಯ: ಆರು ತಿಂಗ್ಳು ನುಂಗುದ್ಲು. ಆಮ್ಯಾಕೆ ರಕ್ತದ ಟೆಸ್ಟಲ್ಲಿ ಮೂರು ಬಂತು, ಸರಿಯಾಗೇ ಅದೆ ಅಂತ ನೀವೇ ಅಂದ್ರಿ. ನಾನೇ ನಿಲ್ಲುಸ್ದೆ.

ವನಿತಾ: ಈಗ ನಲವತ್ತೆರಡು ಬಂದಿದೆ.

ಚೆಲುವಯ್ಯ: ನೋಡುದ್ರಾ? ಮೂರಿದ್ದುದ್ದು ನಲವತ್ತೆರಡು. ಮಾತ್ರೆ ಬುಟ್‌ಮ್ಯಾಲೆ ಶಕ್ತಿ ಬಂದದೆ.

ಸಣ್ಣತಾಯಮ್ಮ: ಶಕ್ತಿ ಬಂದಿದ್ರೆ ಮೊದ್ಲು ನಿಮ್ ಕೈಲಿ ಬಾವಿ ನೀರು ಸೇದುಸ್ತಿದ್ದೆ.

ವನಿತಾ: ಇಬ್ಬರೂ ಸ್ವಲ್ಪ ಕೇಳಿ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಒಂದು ಗ್ರಂಥಿ ಇದೆ. ಕತ್ತಿನಲ್ಲಿ ಥೈರಾಯ್ಡ್ ಅಂತ ಇನ್ನೊಂದು. ಮೈಗೆ ಬೇಕಾದ ಹಾರ್ಮೋನು ಬಿಡೋದು ಕತ್ತಿನದು. ಅದು ಕಮ್ಮಿ ಬಿಟ್ಟರೆ ಮೆದುಳಿನ ಕಡೆಯಿಂದ 'ಬಿಡು, ಬಿಡು' ಅಂತ ಆರ್ಡರ್ ಬರುತ್ತೆ. ಈ ನಲವತ್ತೆರಡು ಅನ್ನೋದು ಆ ಆರ್ಡರಿನ ಜೋರು.

ಚೆಲುವಯ್ಯನ ಮುಖ ಅರಳಿತು.

ಚೆಲುವಯ್ಯ: ಗೊತ್ತಾಯ್ತು ಬುಡಿ. ಮೆದುಳು ಅಂದ್ರೆ ನಮ್ ನೀರಾವರಿ ಸೆಕ್ಷನ್ ಆಫೀಸು. ಕತ್ತಲ್ಲಿರೋನು ನನ್ನಂಗೆ ನೀರುಗಂಟಿ. ಕೊನೇ ಗದ್ದೆಗೆ ನೀರು ಓಗ್ನಿಲ್ಲ ಅಂದ್ರೆ ಆಫೀಸಿಂದ ಮೆಮೋ ಮ್ಯಾಲೆ ಮೆಮೋ. ನಲವತ್ತೆರಡು ಬಂದ್ರೂ ನನ್ಮಗ ತೂಬೇ ತೆಗ್ದಿಲ್ಲ.

ವನಿತಾ: ನನಗಿಂತ ಚೆನ್ನಾಗಿ ಹೇಳಿದ್ರಿ.

ಸಣ್ಣತಾಯಮ್ಮ: ಅಂದ್ರೆ ಸೋಮಾರಿ ನಾನಲ್ವಾ ಅವ್ವ? ಅವ್ನಾ?

ವನಿತಾ: ಅವನೇ. ಈ ನಿದ್ದೆ, ಚಳಿ, ಸುಸ್ತು ಎಲ್ಲ ಅವನಿಂದಲೇ.

ಸಣ್ಣತಾಯಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಣ್ಣತಾಯಮ್ಮ: ಮತ್ತೆ ಆವತ್ತು ಮೂರು ಬಂದುದ್ದು?

ವನಿತಾ: ಮಾತ್ರೆಯಿಂದ ಹಾರ್ಮೋನು ಸಿಕ್ಕಿತು, ಮೆದುಳು ಕೂಗೋದು ಬಿಟ್ಟಿತು. ಕೂಗು ನಿಂತಿತು ಅಂತ ಮಾತ್ರೆ ನಿಲ್ಲಿಸ್ತಾರಾ?

ಚೆಲುವಯ್ಯ: ಮೆಮೋ ನಿಂತ್‌ಮ್ಯಾಲೆ ತೂಬು ಮುಚ್ದೆ ಇನ್ನೇನ್ ಮಾಡ್ತಾರೆ ತಾಯಿ? ಇಪ್ಪತ್ತು ವರ್ಸದಿಂದ ನಾನು ಅಂಗೇ ಮಾಡ್ಕಂಡ್ ಬಂದಿವ್ನಿ.

ಚೀಟಿ ಬರೆಯತೊಡಗಿದ್ದ ಡಾಕ್ಟರ ಪೆನ್ನು ನಿಂತಿತು.

ವನಿತಾ: ಯಾವ ತೂಬು ನಿಮ್ಮದು?

ಚೆಲುವಯ್ಯ ಕೆಮ್ಮಿದ.

ಸಣ್ಣತಾಯಮ್ಮ: ಗೋಣಿಮರದ ತೂಬು ಕಣವ್ವ.

ವನಿತಾ: ಅದರ ಕೊನೇ ಗದ್ದೆ ನಮ್ಮ ಮಾವನವರದು. ನಾಟಿ ಹಾಕಿ ಹತ್ತು ದಿನವಾಯ್ತು, ಆಮೇಲೆ ನೀರೇ ಬಂದಿಲ್ಲ. ದಿನಾ ನಿಮ್ಮ ಆಫೀಸಿಗೆ ಒಂದು ಅರ್ಜಿ ಬರೀತಿದ್ದಾರೆ.

ಚೆಲುವಯ್ಯ: ಆ ಮೆಮೋ... ಇನ್ನೂ ನನ್ ಕೈಗೆ ಬಂದಿಲ್ಲ ತಾಯಿ.

ಸಣ್ಣತಾಯಮ್ಮ: ಬಂದವೆ ಕಣವ್ವ. ಬೆಳಿಗ್ಗೆ ಒಲೆ ಅಚ್ಚೋದೇ ಅದ್ರಲ್ಲಿ.

ಡಾಕ್ಟರು ಚೀಟಿ ಬರೆದು ಚೆಲುವಯ್ಯನ ಕೈಗೇ ಕೊಟ್ಟರು.

ವನಿತಾ: ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನೀವೇ ಕೊಡಬೇಕು. ಸರದಿಯ ನೀರನ್ನೂ ತಪ್ಪದೆ ಬಿಡಬೇಕು.

ಚೆಲುವಯ್ಯ: ಎಷ್ಟು ದಿನ ತಾಯಿ?

ವನಿತಾ: ಮಾತ್ರೆ ಇವರು ಇರೋವರೆಗೂ. ನೀರು ನೀವು ರಿಟೈರ್ ಆಗೋವರೆಗೂ.

ಚೆಲುವಯ್ಯ ಟವೆಲ್ಲನ್ನು ಹೆಗಲಿಗೇರಿಸಿ ಎದ್ದ. ದನಿ ಮೆತ್ತಗಾಗಿತ್ತು.

ಚೆಲುವಯ್ಯ: ಏಳಮ್ಮಿ, ಮಾತ್ರೆ ತಕ್ಕಂಡು ಓಗವ.

ಸಣ್ಣತಾಯಮ್ಮ ಬೆಂಚಿನ ಮೇಲೆ ಇನ್ನಷ್ಟು ಹಾಯಾಗಿ ಒರಗಿ ಕಣ್ಣು ಮುಚ್ಚಿಕೊಂಡಳು.

ಸಣ್ಣತಾಯಮ್ಮ: ನೀವೇ ಓಗಿ ತನ್ನಿ. ನನ್ ಕತ್ತಲ್ಲಿರೋ ನೀರುಗಂಟಿ ಇನ್ನೂ ಎದ್ದಿಲ್ಲ.