ಗುರುಸಿದ್ದಪ್ಪನ ಆಂಪ್ಲಿ ದಿಗ್ವಿಜಯ

ಸಕಲ ವಾದ್ಯಗಳೂ ಒಂದೇ ಪ್ಲಾಸ್ಟಿಕ್ ಹಲಗೆಯೊಳಗೆ ಸೆರೆಯಾಗಿ, ಒಂದು ಗುಂಡಿ ಒತ್ತಿದರೆ ಕೊಳಲು, ಇನ್ನೊಂದು ಒತ್ತಿದರೆ ಕಹಳೆ ಎಂಬಂತಾಗಿ, ಉಸಿರುಗಟ್ಟಿ ಊದುವವನೂ ಬೆರಳು ಬೊಕ್ಕೆಯೇಳುವಂತೆ ಮೀಟುವವನೂ ಸಮಸಮನಾಗಿ ಮನೆ ಸೇರಿದ ಈ ಕಲಿಯುಗದ ಕಡೆಯ ಪಾದದಲ್ಲಿ, ಹುಬ್ಬಳ್ಳಿಯೆಂಬ ಧೂಳಿಧೂಸರಿತ ಮಹಾಪಟ್ಟಣದಲ್ಲಿ, ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿ ಪುನರ್ಜನ್ಮ ಕೊಡುವವನೂ, ತಾಮ್ರತಂತುವೇಷ್ಟಿತಬಾಹುವೂ, ಸೀಸಧೂಮಾರುಣನೇತ್ರನೂ, ವೃಷಭಶೃಂಗೋಪಮಶ್ಮಶ್ರುಶೋಭಿತನೂ ಆದ ಗುರುಸಿದ್ದಪ್ಪನೆಂಬ ಮಹಾವೀರನಿದ್ದನು. ಎಲೈ ವಿದ್ಯುದ್ದೇವಿಯೇ, ಮೀಟರು ತಿರುಗಿಸುವವಳೇ, ಫ್ಯೂಸು ಹಾರಿಸುವವಳೇ, ಅವನ ಕಥೆ ಮುಗಿಯುವವರೆಗೆ ಕರೆಂಟು ತೆಗೆಯಬೇಡ. ಕೇಳುವವರು ಕೇಳಿ. ಆಕಳಿಸುವವರು ಈಗಲೇ ಎದ್ದು ಹೋಗಿ, ನಡುವೆ ಎದ್ದರೆ ನನಗೆ ಸಿಟ್ಟು ಬರುತ್ತದೆ.

ಈ ವೀರನಿಗೊಂದು ದಿವ್ಯಾಯುಧವಿತ್ತು. ಯೌವನದಲ್ಲಿ ಅವನು ಮೇಘದುಂದುಭಿ ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಿದ್ದಾಗ ಆ ದನಿಯನ್ನು ಓಣಿಯಾಚೆಗೂ ಮುಟ್ಟಿಸುತ್ತಿದ್ದ ವಾಲ್ವಿನ ಆಂಪ್ಲಿಫೈಯರು ಅದು. ವಾಲ್ವು ಎಂದರೆ ಒಳಗೆ ಕೆಂಡದ ಎಳೆ ಇರುವ ಗಾಜಿನ ಬುರುಡೆ. ಅಂಥವು ಅದರ ಹೊಟ್ಟೆಯಲ್ಲಿ ಐದು. ಜನ ಬಾಯಿಗೆ ಬಂದಂತೆ ಆಂಪ್ಲಿ ಅಂದರು. ನಾವು ಪಂಚಕಾಚದೀಪಪ್ರಜ್ವಲಿತ ಗಜಗರ್ಜನಯಂತ್ರ ಎನ್ನೋಣ. ಆರ್ಕೆಸ್ಟ್ರಾ ಒಡೆದ ಮೇಲೆ ಆ ಯಂತ್ರವು ಗುರುಸಿದ್ದಪ್ಪನ ಮನೆಯ ಅಟ್ಟ ಸೇರಿ, ಆದಿಶೇಷನ ಬದಲು ಹರಿದ ಚಾಪೆಗಳ ಮೇಲೆ ಒರಗಿ, ಯೋಗನಿದ್ರೆಗೆ ಸಂದಿತ್ತು.

ಅದನ್ನು ಎಬ್ಬಿಸಿದ್ದು ಒಂದು ಮಾತು. ರೈಲ್ವೆ ನಿವೃತ್ತರ ಸಂಘದ ಹಾಲಿನಲ್ಲಿ ಬರುವ ರವಿವಾರ ಹಳೇ ಆರ್ಕೆಸ್ಟ್ರಾದವರೆಲ್ಲ ಕೂಡಿ ಬಾರಿಸುವುದೆಂದು ಗೊತ್ತಾಗಿತ್ತು. ಗುರುಸಿದ್ದಪ್ಪ ಗಿಟಾರಿಗೆ ಹೊಸ ತಂತಿ ಕೂಡ ಹಾಕಿಸಿದ್ದ. ಅಷ್ಟರಲ್ಲಿ ಚಹಾದಂಗಡಿಯಲ್ಲಿ, ನಾಲ್ಕು ಜನರೆದುರು, ಕೀಬೋರ್ಡು ನುಡಿಸುವ ಪುಂಡಲೀಕನು ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ನುಡಿದನು:

"ಗುರಪ್ಪಾ, ನೀ ಯಾಕ ತ್ರಾಸ ತಗೋತಿ? ನಿನ್ನ ಗಿಟಾರು ನನ್ನ ಕೀಬೋರ್ಡಿನ ಮೂವತ್ತೊಂದನೇ ನಂಬರಿನೊಳಗ ಐತಿ. ನೀ ಕೆಳಗ ಕುರ್ಚಿ ಮ್ಯಾಲ ಕುಂತು ಚಪ್ಪಾಳಿ ಹೊಡಿ, ಸಾಕು."

ಆಗ ಗುರುಸಿದ್ದಪ್ಪನು ಪ್ರಳಯಕಾಲದ ರುದ್ರನಂತೆ ಎದ್ದು ನಿಂತು ಹೀಗೆ ಗರ್ಜಿಸಿದನು: "ಎಲವೋ ಪ್ಲಾಸ್ಟಿಕ್‌ಸ್ವರೋಪಜೀವಿಯೇ! ರವಿವಾರ ಸೂರ್ಯನು ಮುಳುಗುವುದರೊಳಗೆ ನನ್ನ ಯಂತ್ರವು ನುಡಿಯದಿದ್ದರೆ ಈ ಮೀಸೆಯನ್ನು ಸಭಾಮಧ್ಯದಲ್ಲಿ ಬೋಳಿಸಿ, ನಿನ್ನ ಹಲಗೆಯನ್ನು ತಲೆಯ ಮೇಲೆ ಹೊತ್ತು ವೇದಿಕೆಗೆ ತಂದಿಡುವೆನು!" ಸತ್ಯ ಹೇಳಬೇಕೆಂದರೆ ಅವನ ಬಾಯಿಂದ ಬಂದದ್ದು ಇಷ್ಟು ಚಂದದ ಮಾತಲ್ಲ, ಮೊದಲರ್ಧ ಬರೆಯುವಂಥದ್ದೂ ಅಲ್ಲ. ಆದರೆ ಮೀಸೆಯ ಮಾತು ಆಡಿದ್ದು ನಿಜ, ನಾಲ್ವರು ಕೇಳಿದ್ದೂ ನಿಜ. ಮೀಸೆ ಹೋದರೆ ಮತ್ತೆ ಬೆಳೆದೀತು. ಒಮ್ಮೆ ಕೆಳಗಿನ ಕುರ್ಚಿಗೆ ಕೂತವನನ್ನು ಮಾತ್ರ ಮತ್ತೆ ಯಾರೂ ವೇದಿಕೆಗೆ ಕರೆಯುವುದಿಲ್ಲ. ಅವನಿಗೆ ಉರಿದದ್ದು ಅದಕ್ಕೆ.

ಹೀಗೆ ಯುದ್ಧ ಮೊದಲಾಯಿತು. ಅಟ್ಟದಿಂದಿಳಿದು ಅವನ ಮೋಟಾರಿನಂಗಡಿ ಸೇರಿದ ಯಂತ್ರದ ಬೆನ್ನಿನ ಹಲಗೆ ಬಿಚ್ಚಿದೊಡನೆ ಜಿರಲೆಗಳ ಅಕ್ಷೌಹಿಣಿಯು ಹೊರಬಿದ್ದು ದಿಕ್ಕುದಿಕ್ಕಿಗೆ ಚದುರಿತು. ಮೂಲೆಯಲ್ಲಿ ಹಲ್ಲಿಯೊಂದು ಸಂಸಾರ ಹೂಡಿತ್ತು; ಅದನ್ನು ಸಾಮದಿಂದ ಕಳಿಸಿದನು. ಇಲಿ ಕಡಿದ ವೈರುಗಳನ್ನು ಕತ್ತರಿಸಿ ಹೊಸವನ್ನು ಬೆಸೆದನು. ಹೊಟ್ಟೆಯುಬ್ಬಿದ ಹಳೇ ಕಂಡೆನ್ಸರುಗಳನ್ನು ಒಂದೊಂದಾಗಿ ಕಿತ್ತು ಬಿಸುಟು ಹೊಸವನ್ನು ಕೂರಿಸಿದನು. ಕಾವೇರಿದ ಬೆಸುಗೆಯ ಸಲಾಕೆಯಿಂದ ಹೊಗೆಯೇಳುತ್ತಿರಲು ಅವನು ಯಜ್ಞಕುಂಡದೆದುರಿನ ಋತ್ವಿಜನಂತೆ, ಇಲ್ಲವೆ ಕಣ್ಣುರಿ ಬಂದವನಂತೆ, ಶೋಭಿಸಿದನು. ಆಗಷ್ಟೇ ಪರೀಕ್ಷೆಗೆ ಚಾಲೂ ಮಾಡಿ ಆರಿಸಿದ್ದ ಯಂತ್ರದೊಳಗೆ, ಪ್ಲಗ್ಗು ಕಿತ್ತಿಟ್ಟಿದ್ದೇನೆಂಬ ಧೈರ್ಯದಲ್ಲಿ, ಕೈಯಿಟ್ಟನು. ಕಂಡೆನ್ಸರು ತನ್ನ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಕರೆಂಟನ್ನು ಅವನಿಗೆ ಒಮ್ಮೆಲೇ ದಾನ ಮಾಡಿತು. ಮೊಣಕೈ ಹಿಂದಿನ ಗೋಡೆಗೆ ಬಡಿದು ಸುಣ್ಣ ಉದುರಿತು. ಅವನು ಯಂತ್ರದ ತಾಯಿಯನ್ನೂ ತಯಾರಿಸಿದವನ ತಾಯಿಯನ್ನೂ ಸ್ಮರಿಸಿ, ಮತ್ತೆ ಕೂತನು. ವೀರನೆಂದರೆ ಇವನೇ. ಬುದ್ಧಿವಂತನಾಗಿದ್ದರೆ ಮಲಗುತ್ತಿದ್ದ.

ಶುಕ್ರವಾರ ಸಂಜೆ ಐದು ವಾಲ್ವುಗಳೂ ಪಂಚಪ್ರಾಣಗಳಂತೆ ಬೆಳಗಿದವು. ಪುಂಡಲೀಕ ವಿಚಾರಿಸುವ ನೆಪದಲ್ಲಿ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದ. ಗುರುಸಿದ್ದಪ್ಪನು ಗಿಟಾರನ್ನು ಎದೆಗಪ್ಪಿ, ಕಣ್ಣು ಮುಚ್ಚಿ, ಬ್ರಹ್ಮಾಂಡ ಬಿರಿಯಲೆಂದು ಆರೂ ತಂತಿಗಳ ಮೇಲೆ ಕೈಯೆಳೆದನು. ಯಂತ್ರವು ಗಂಟಲು ಸರಿಮಾಡಿಕೊಂಡು, ಗಂಭೀರವಾದ ಹೆಣ್ಣುದನಿಯಲ್ಲಿ, ಉಳ್ಳಾಗಡ್ಡಿಯ ಇಂದಿನ ಪೇಟೆ ದರವನ್ನು ಘೋಷಿಸಿತು.

ಆಕಾಶವಾಣಿ. ಗಿಟಾರು ಎಲ್ಲೋ ಹಿಂದೆ ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು. ಉಳ್ಳಾಗಡ್ಡಿಯ ನಂತರ ಒಣಮೆಣಸಿನಕಾಯಿ ಬಂತು.

"ಛಲೋ ರಿಪೇರಿ ಮಾಡೀಯಪಾ," ಎಂದನು ಪುಂಡಲೀಕ. "ನಮ್ಮನ್ಯಾಗೂ ಒಂದ ರೇಡಿಯೋ ಕೆಟ್ಟೈತಿ. ತಂದಕೊಡ್ಲೇನ?"

ಅವನು ಹೋದ ಮೇಲೆ ನಮ್ಮ ವೀರ ತಲೆಯೊಳಗೆ ಬೆಳಕು ಬೀಳುವವರೆಗೆ ಯಂತ್ರದ ಒಳಗನ್ನೇ ನೋಡುತ್ತ ಕೂತನು. ಎರಡನೆಯ ವಾಲ್ವಿನ ಮೇಲೆ ಬೆರಳುದ್ದದ ತಗಡಿನ ಟೊಪ್ಪಿಗೆಯಿತ್ತು. ಮೊದಲನೆಯದು ಬೋಳು ತಲೆಯಲ್ಲಿ ನಿಂತಿತ್ತು. ಆ ಟೊಪ್ಪಿಗೆಯಿಲ್ಲದಿದ್ದರೆ ಗಾಳಿಯಲ್ಲಿ ಹಾದುಹೋಗುವ ರೇಡಿಯೋವೆಲ್ಲ ವಾಲ್ವಿನೊಳಗೆ ನುಗ್ಗುತ್ತದೆ. ಸ್ಟೀಲಿನ ಲೋಟ ಕವುಚಿ ನೋಡಿದನು: ಆಕಾಶವಾಣಿ ತಟ್ಟನೆ ಮೂಕವಾಯಿತು. ಆದರೆ ಗಿಟಾರು ಮೀಟಿದೊಡನೆ ಲೋಟ ಕುಣಿದು ಗಲಗಲ ಎಂದಿತು. ಬೇಕಾದದ್ದು ಅಸಲು ಟೊಪ್ಪಿಗೆಯೇ, ಒಳಗೆ ವಾಲ್ವನ್ನು ಅದುಮಿ ಹಿಡಿಯುವ ಸ್ಪ್ರಿಂಗು, ನೆತ್ತಿಯಲ್ಲೊಂದು ತೂತು ಇರುವಂಥದ್ದು. ಅಟ್ಟ ಜಾಲಾಡಿದನು, ಗುಜರಿ ಅಂಗಡಿಗಳನ್ನು ಜಾಲಾಡಿದನು. ಸಿಗಲಿಲ್ಲ.

ಸೋತು ಮನೆಗೆ ಬಂದು ಕೈಕಾಲು ತೊಳೆದು ದೇವರ ಜಗುಲಿಗೆ ಕೈಮುಗಿಯಲು ನಿಂತನು. ದೇವರ ಮುಂದೆ, ನೆತ್ತಿಯ ತೂತಿನಲ್ಲಿ ಊದಿನಕಡ್ಡಿ ಧರಿಸಿ, ಒಳಗಿನ ಸ್ಪ್ರಿಂಗಿನಿಂದ ಅದನ್ನು ನೆಟ್ಟಗೆ ಹಿಡಿದು, ವಿಭೂತಿ ಬಳಿದುಕೊಂಡು, ಅವನ ಟೊಪ್ಪಿಗೆ ಕೂತಿತ್ತು.

ಆ ದುರ್ಗದ ರಕ್ಷಕಿ ಅವನ ತಾಯಿ ನೀಲವ್ವ. ಎಂಬತ್ತರ ಹತ್ತಿರದವಳು, ಅವಳೆದುರು ಗುರುಸಿದ್ದಪ್ಪನ ಮೀಸೆಗೆ ಯಾವ ಬೆಲೆಯೂ ಇರಲಿಲ್ಲ.

"ಯವ್ವಾ, ಆ ಡಬ್ಬಿ ನಂದು."

"ದೇವರ ಮುಂದ ಇಟ್ಟದ್ದು ನಿಂದು ಹೆಂಗ ಆಗತೈತೋ?"

ಮುತ್ತಿಗೆ ಶನಿವಾರವೂ ನಡೆಯಿತು. ಹಿತ್ತಾಳೆಯ ಹೊಸ ಸ್ಟ್ಯಾಂಡು ತಂದನು. ಅದರ ತೂತು ದೊಡ್ಡದಾಗಿ ಕಡ್ಡಿ ಕುಡುಕನಂತೆ ಒರಗಿತು. ಬೆಳ್ಳಿಯದು ತರುತ್ತೇನೆಂದನು, ಅದನ್ನು ತಿಕ್ಕುವವರು ಯಾರೆಂದು ಅವಳು ಕೇಳಿದಳು. ಕೂಗಾಡಿದನು. ಅವಳು ಹೂವಿನ ಎಸಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಡೆಗೆ ಮಹಾವೀರನು ಹೊಸ್ತಿಲ ಬಳಿ ಕುಕ್ಕರಿಸಿ ಸಣ್ಣ ದನಿಯಲ್ಲಿ ಹೇಳಿದನು:

"ನಾಳೆ ಆಂಪ್ಲಿ ಮಾತಾಡಲಿಲ್ಲಂದ್ರ ನನ್ನ ಕುರ್ಚಿ ಮ್ಯಾಲ ಕುಂಡ್ರಸ್ತಾರ, ಯವ್ವಾ."

"ಕುರ್ಚಿ ಕೊಟ್ರ ಛಲೋನ ಆತಲ್ಲ."

"ಕೆಳಗಿನ ಕುರ್ಚಿ. ಸ್ಟೇಜಿನ ಮ್ಯಾಲಿಂದಲ್ಲ."

ನೀಲವ್ವನ ಕೈ ಹೂವಿನಲ್ಲಿ ತುಸು ನಿಂತಿತು. "ಮೊದಲ ನಾ ಕಡ್ಡಿನ ಬಾಳಿಹಣ್ಣಿಗೆ ಚುಚ್ಚತಿದ್ದೆ," ಎಂದಳು. "ನೀ ಹಣ್ಣ ತರೂದ ಬಿಟ್ಟಿ. ತಾ ಅಂತ ಎಷ್ಟ ಸಲ ಹೇಳಲಿ? ಅದಕ್ಕ ಅಟ್ಟದ ಮ್ಯಾಲ ಕೈಯಾಡಿಸಿ ಆ ಡಬ್ಬಿ ತಂದೆ."

ಹದಿನಾಲ್ಕು ಲೋಕಗಳಲ್ಲಿ ಹುಡುಕಿದ್ದ ಉಪಾಯ ಓಣಿಯ ತಿರುವಿನ ಕೈಗಾಡಿಯಲ್ಲಿ ತೂಗಾಡುತ್ತಿತ್ತು. ಗುರುಸಿದ್ದಪ್ಪ ಅಂಗಿ ಕೂಡ ಹಾಕಿಕೊಳ್ಳದೆ ಓಡಿ, ಒಂದು ಚಿಪ್ಪು ಬಾಳೆಹಣ್ಣು ತಂದು ತಾಯಿಯ ಮುಂದಿಟ್ಟನು. ಅವಳು ಟೊಪ್ಪಿಗೆ ಕೊಟ್ಟಳು, ಆದರೆ ದೇವರ ವಸ್ತುವನ್ನು ಒಂಟಿಯಾಗಿ ಕಳಿಸಲಾಗದೆಂದು ಮರುದಿನ ತಾನೂ ಜೊತೆಗೆ ಹೊರಟಳು. ಹಣ್ಣಿನ ಚಿಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ಮನೆಯಲ್ಲಿ ಬಿಟ್ಟರೆ ಮಗ ತಿರುಗಿ ಬಂದು ತಿಂದಾನೆಂಬ ಭಯ.

ರವಿವಾರ ಇಳಿಹೊತ್ತು. ಹಾಲಿನಲ್ಲಿ ನಿವೃತ್ತ ಗಾರ್ಡುಗಳು, ಫಿಟ್ಟರುಗಳು, ಅವರ ಮನೆಯವರು. ಟೊಪ್ಪಿಗೆ ಧರಿಸಿದ ವಾಲ್ವುಗಳು ಕಾದವು. ಗುರುಸಿದ್ದಪ್ಪನು ತಂತಿಗಳ ಮೇಲೆ ಕೈಯೆಳೆದನು. ಆಹಾ, ಏನೆಂದು ಹೇಳಲಿ! ಜೇನು, ಗುಡುಗು, ಹಳೇ ಪ್ರೇಮ ಮೂರನ್ನೂ ಒಂದೇ ಕಡಾಯಿಯಲ್ಲಿ ಕಾಸಿದಂಥ ದನಿಯೊಂದು ಎದ್ದು ಕಿಟಕಿಯ ಗಾಜುಗಳನ್ನು ನಡುಗಿಸಿತು. ಪುಂಡಲೀಕನ ಕೈ ಕೀಬೋರ್ಡಿನ ಮೇಲೆಯೇ ನಿಂತಿತು. ವೀರನು ಮೀಸೆ ತಿರುವಿ, ತಾನು ಹುರಿಗೊಳಿಸಿಟ್ಟಿದ್ದ ಸಿನೆಮಾ ಹಾಡಿಗೆ ಬೆರಳು ಹೂಡಿದನು.

ಅಷ್ಟರಲ್ಲಿ ಟೊಪ್ಪಿಗೆ ಬಿಸಿಯಾಯಿತು. ವರ್ಷಗಟ್ಟಲೆ ಅದರೊಳಗೆ ಮೆತ್ತಿದ್ದ ಊದಿನಕಡ್ಡಿಯ ಜಿಡ್ಡು ಕರಗಿ, ಆಂಪ್ಲಿಯ ಬೆನ್ನಿನಿಂದ ಪೂಜೆಯ ಪರಿಮಳವೆದ್ದು ಹಾಲನ್ನೆಲ್ಲ ತುಂಬಿತು. ಮುಂದಿನ ಸಾಲಿನವರು ಸದ್ದಿಲ್ಲದೆ ಚಪ್ಪಲಿ ಕಳಚಿದರು. ಯಾರೋ ಕೈಮುಗಿದರು. ನೀಲವ್ವ ಕಣ್ಣು ಮುಚ್ಚಿ, ತನ್ನ ಪಾಡಿಗೆ, ಒಂದು ಭಜನೆ ಎತ್ತಿದಳು. ನಿವೃತ್ತ ರೈಲ್ವೆಯೆಲ್ಲ ತಾಳ ಹಾಕಿತು. ಸಿನೆಮಾ ಹಾಡು ವೀರನ ಬೆರಳಿನಲ್ಲೇ ಸತ್ತಿತು. ಅವನು ಮುಖ ಗಂಟಿಕ್ಕಿ ಭಜನೆಗೆ ಗಿಟಾರು ಹಿಡಿದನು, ಸ್ವಲ್ಪ ಹೊತ್ತಿಗೆ ಗಂಟು ಮರೆತನು. ಪುಂಡಲೀಕ ಬಗ್ಗಿ ಅವನ ಕಿವಿಯಲ್ಲಿ ಒಪ್ಪಿಕೊಂಡನು: "ಮೂವತ್ತೊಂದನೇ ನಂಬರಿನೊಳಗ ಈ ವಾಸನಿ ಇಲ್ಲಪಾ."

ಭಜನೆ ಮುಗಿದ ಮೇಲೆ ಪ್ರಸಾದವಿಲ್ಲದೆ ಎದ್ದರೆ ಹೇಗೆ? ನೀಲವ್ವನ ಸೆರಗಿನ ಬಾಳೆಹಣ್ಣು ತುಂಡುತುಂಡಾಗಿ ಎಲ್ಲರ ಕೈಗೂ ಬಂತು. ಕಡೆಯ ತುಂಡನ್ನು ವಿಜಯಿಯಾದ ಗುರುಸಿದ್ದಪ್ಪನೇ ಬಾಯಿಗೆ ಹಾಕಿಕೊಂಡು, ಈಗ ನನ್ನ ಹಾಡು ಎಂದು ಮತ್ತೆ ಗಿಟಾರು ಎತ್ತಿದನು.

ನೀಲವ್ವ ವೇದಿಕೆಯ ಅಂಚಿಗೆ ಬಂದು ಕೈ ಚಾಚಿದಳು. "ಹಣ್ಣ ಎಲ್ಲಾ ತೀರಿದುವು. ದೀಪಾ ಹಚ್ಚೂ ಹೊತ್ತಾತು. ನನ್ನ ಡಬ್ಬಿ ಕೊಡು."

ಗುರುಸಿದ್ದಪ್ಪನು ಸಭೆಯನ್ನು ನೋಡಿದನು, ತಾಯಿಯನ್ನು ನೋಡಿದನು. ಬೆರಳು ಸುಟ್ಟುಕೊಂಡು, ಉಫ್ ಎನ್ನುತ್ತ, ಟೊಪ್ಪಿಗೆ ಕಿತ್ತು ಅವಳ ಸೆರಗಿಗೆ ಹಾಕಿದನು.

ಯಂತ್ರವು ಗಂಟಲು ಸರಿಮಾಡಿಕೊಂಡಿತು. ಎದ್ದಿದ್ದವರೆಲ್ಲ ಮತ್ತೆ ಕೂತು, ಉಳ್ಳಾಗಡ್ಡಿಯ ದರ ಪೂರ್ತಿ ಕೇಳಿಕೊಂಡು, ಮನೆಗೆ ಹೋದರು.