ತನ್ನಷ್ಟಕ್ಕೆ ತೂಗಿದ ತೊಟ್ಟಿಲು

"ಇವತ್ತು ನನ್ನ ಮಗ ಅಂಬೆಗಾಲಿಡದಿದ್ರೆ ನಾನು ಎಸೆನ್‌ಕುಲನೇ ಅಲ್ಲ!"

ನಾರಿನ್ ಕಣಿವೆ ಹಿಮದಲ್ಲಿ ಮುಳುಗಿದ್ದ ಮಧ್ಯಾಹ್ನ ಎಸೆನ್‌ಕುಲ್ ಹೀಗೆ ಗುಡುಗಿದಾಗ ಹೆಂಡತಿ ಬುರುಲ್ ಹಾಲಿನ ಬಕೆಟ್ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಮಗ ತಿಲೆಕ್‌ಗೆ ಹತ್ತು ತಿಂಗಳು. ಓರಗೆಯ ಮಕ್ಕಳು ಮನೆಯನ್ನೇ ತಲೆಕೆಳಗು ಮಾಡುತ್ತಿದ್ದರೆ ಇವನು ಕೂರಿಸಿದಲ್ಲೇ ಸುಲ್ತಾನನಂತೆ ಕೂತಿರುತ್ತಿದ್ದ. ಕಾಲಲ್ಲಿ ಬಲವಿಲ್ಲವೇನೋ ಎಂಬ ದಿಗಿಲು ಇಬ್ಬರಿಗೂ ಇತ್ತು. ಬಾಯಿಬಿಟ್ಟು ಆಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

"ಎಲ್ಲಾ ಈ ತೊಟ್ಟಿಲಿನ ಕಿತಾಪತಿ! ಕೈಕಾಲು ಪಟ್ಟಿಯಲ್ಲಿ ಬಿಗಿದು ಮಲಗಿಸಿದ್ರೆ ಮಗು ಹೇಗೆ ತೆವಳುತ್ತೆ? ನೆಲದ ಮೇಲೆ ಬೋರಲು ಬಿಡಿ ಅಂತ ನರ್ಸ್ ಹೇಳ್ಲಿಲ್ವಾ?" ಎಸೆನ್‌ಕುಲ್ ನೆಲದ ಮೇಲೆ ಬಾಗಿದ ಕಾಲುಗಳ ಮೇಲೆ ನಿಂತಿದ್ದ ಮರದ ತೊಟ್ಟಿಲಿನತ್ತ ಕೈ ತೋರಿಸಿದ.

"ನೀನೂ ಅದರಲ್ಲೇ ಬೆಳೆದೋನು, ನಿಮ್ಮಜ್ಜನೂ ಅದರಲ್ಲೇ ಬೆಳೆದೋರು," ಎಂದರು ಅವನ ತಾಯಿ ಸಾಯ್ರಾ. "ಮಗುನ ಎತ್ಕೊಂಡ ಮೇಲೆ ತೊಟ್ಟಿಲು ಅಲ್ಲಾಡಿಸಬೇಡ. ಖಾಲಿ ತೊಟ್ಟಿಲು ತೂಗಿದ್ರೆ ಮಗುವಿಗೆ ಕೇಡು."

"ಅಮ್ಮಾ, ನಾನು ಅದನ್ನೆಲ್ಲ ನಂಬಲ್ಲ!"

ಹೆಂಗಸರು ಕೊಟ್ಟಿಗೆಗೆ ಹೋದರು. ಎಸೆನ್‌ಕುಲ್ ವೀರಾವೇಶದಿಂದ ಪಟ್ಟಿಗಳನ್ನು ಸಡಿಲಿಸಿ ಮಗನನ್ನು ತೊಟ್ಟಿಲ ಪಕ್ಕದ ಕಂಬಳಿಯ ಮೇಲೆ ಬೋರಲು ಮಲಗಿಸಿದ. ಆಸೆ ತೋರಿಸಲು ಆಟದ ಕುರಿಮೂಳೆ ಹುಡುಕುತ್ತಾ ಒಳಕೋಣೆಗೆ ಹೋದ.

ಮರಳಿದಾಗ ಕಂಬಳಿ ಬರಿದಾಗಿತ್ತು.

ಕರ್... ಕರ್... ಮುಸುಕಿನ ಬಟ್ಟೆಗಳನ್ನು ನೆಲದವರೆಗೆ ಇಳಿಬಿಟ್ಟ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿತ್ತು! ಕಿಟಕಿಯಾಚೆ ಬರೀ ಬಿಳಿ ಮಂಜು. ನಾಯಿಯ ದನಿ ಕೂಡ ಇಲ್ಲ. ಮುಸುಕಿನ ಆಚೆಯಿಂದ ಯಾರೋ ಕಿಸಕ್ಕನೆ ನಕ್ಕರು. ಹಲ್ಲಿಲ್ಲದ ಬಾಯಿಯ ನಗು! ತೀರಿಹೋದ ಅಜ್ಜ ನಗುತ್ತಿದ್ದದ್ದು ಥೇಟ್ ಹೀಗೇ. ಎಸೆನ್‌ಕುಲ್ ಕುರಿಮೂಳೆಯನ್ನು ಕೆಳಗೆ ಬೀಳಿಸಿದ.

"ಅ... ಅಜ್ಜಾ, ಮಗುನ ಬಿಟ್ಬಿಡಿ. ಅವನೇ ನಮ್ಮ ಪ್ರಾಣ. ಬೇಕಾದ್ರೆ ನನ್ನನ್ನೇ ಕರ್ಕೊಂಡು ಹೋಗಿ!"

ತೊಟ್ಟಿಲು ಥಟ್ಟನೆ ನಿಂತಿತು. ಏನೋ ಯೋಚಿಸುವಂತೆ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ನೆಲ ಕೆರೆಯುತ್ತಾ ಅವನತ್ತಲೇ ಜರುಗಿತು!

"ಅಯ್ಯೋ, ಮಾತಿಗೆ ಹೇಳಿದ್ದು ಅಜ್ಜಾ! ಇಷ್ಟು ಬೇಗ ಒಪ್ಕೋತಾರಾ?"

ಅವನು ದೊಪ್ಪನೆ ನೆಲಕ್ಕೆ ಬಿದ್ದ. ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿಗೆ ಬಂದ ಪ್ರಾರ್ಥನೆಯನ್ನೆಲ್ಲ ಗೊಣಗುತ್ತಾ, ನಾಲ್ಕು ಕಾಲಿನಲ್ಲಿ ಬಾಗಿಲಿನತ್ತ ಹೊರಟ. ಹಿಂದಿನಿಂದ ತಣ್ಣನೆಯ, ಒದ್ದೆ ಕೈಯೊಂದು ಅವನ ಹಿಮ್ಮಡಿ ಹಿಡಿಯಿತು. ಎಸೆನ್‌ಕುಲ್ ಹಾಕಿದ ಕೂಗಿಗೆ ಕೊಟ್ಟಿಗೆಯ ಹಸು ಹಗ್ಗ ಕಿತ್ತುಕೊಂಡಿತು!

ಓಡಿಬಂದ ಬುರುಲ್ ಬಾಗಿಲಲ್ಲೇ ಬಕೆಟ್ ಕೆಳಗೆ ಹಾಕಿದಳು. ಅಪ್ಪನ ಹಿಮ್ಮಡಿ ಹಿಡಿದು, ಜೊಲ್ಲು ಸುರಿಸುತ್ತಾ ನಗುತ್ತಿದ್ದವನು ತಿಲೆಕ್. ಗಂಡ ಬಿಚ್ಚಲು ಮರೆತ ಕಾಲಿನ ಪಟ್ಟಿ ಮಗುವಿನ ಪಾದಕ್ಕೇ ಸುತ್ತಿಕೊಂಡಿತ್ತು. ಅದರ ಇನ್ನೊಂದು ತುದಿ ತೊಟ್ಟಿಲಿಗೆ! ಕಾಲಲ್ಲಿ ಬಲವಿಲ್ಲವೆಂದುಕೊಂಡಿದ್ದ ಮಗ ತೊಟ್ಟಿಲಿನ ಹಿಂದಿನಿಂದ ಅದನ್ನೂ ಎಳೆದುಕೊಂಡೇ ಬಂದಿದ್ದ.

"ರೀ, ಕಣ್ಣು ಬಿಡ್ರೀ! ನಿಮ್ಮ ಮಗ!" ಬುರುಲ್ ಅಳುತ್ತಾ ನಗುತ್ತಾ ಮಗುವನ್ನು ಬಾಚಿಕೊಂಡಳು. "ಅತ್ತೇ, ಬೇಗ ಬನ್ನಿ! ಅಂಬೆಗಾಲಿಟ್ಟುಬಿಟ್ಟ!"

ಏದುಸಿರು ಬಿಡುತ್ತಾ ಬಂದ ಸಾಯ್ರಾ ಮೊಮ್ಮಗನ ಕಾಲು ನೀವಿ ಮುತ್ತಿಟ್ಟರು. ಆಮೇಲೆ ಇನ್ನೂ ನಾಲ್ಕು ಕಾಲಿನಲ್ಲೇ ನಡುಗುತ್ತಿದ್ದ ಮಗನನ್ನು ಮೇಲಿಂದ ಕೆಳಗೆ ನೋಡಿದರು.

"ಮೊಮ್ಮಗನಿಗೇನೂ ಭಯವಿಲ್ಲ ಕಣೇ. ಇವನಿಗೆ ಎದ್ದು ನಿಲ್ಲೋಕೆ ಇನ್ನೂ ಸ್ವಲ್ಪ ದಿನ ಬೇಕು."